ರಟ್ಟಿನಡಿಯ ಹೆಂಗಸರು

ದೇವರ ಪಟವಾಗಲಿ, ಮದುವೆ ಫೋಟೋ ಆಗಲಿ, ಕಟ್ಟು ಹಾಕಿಸಬೇಕೆಂದರೆ ಕೋಲಾರದ ಜನ ನಬೀ ಸಾಬರ ಅಂಗಡಿಗೇ ಬರುತ್ತಾರೆ. ಸಾಬರ ಕೈಗುಣ ಎಂದು ಹೊಗಳುತ್ತಾರೆ. ಆ ಕೈ ಸಾಬರದ್ದಲ್ಲ, ಸೊಸೆ ಫರೀದಾಳದ್ದು. ಹದಿನೆಂಟು ವರ್ಷದಿಂದ ಅವಳು ಹಿಂದಿನ ಕೋಣೆಯಲ್ಲಿ, ಹಸಿರು ಪರದೆಯ ಆಚೆ ಕೂತು ಗಾಜು ಕೊಯ್ಯುತ್ತಾಳೆ, ರಟ್ಟು ಕತ್ತರಿಸುತ್ತಾಳೆ. ಗಿರಾಕಿಗಳು ಅವಳ ಮುಖ ಕಂಡಿಲ್ಲ, ದನಿ ಕೇಳಿಲ್ಲ. ಹಾಗಂತ ಸಾಬರು ಕೆಟ್ಟವರೇ? ಸೊಸೆಗೆ ಜ್ವರ ಬಂದರೆ ತಾವೇ ಗಂಜಿ ಕಾಯಿಸುವ ಮನುಷ್ಯ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಏಪ್ರಿಲ್‌ನಲ್ಲಿ ಕಾಲೇಜಿನ ಡ್ರಾಯಿಂಗ್ ಮೇಡಂ ಸುನಂದ ಒಂದು ದೊಡ್ಡ ಚಿತ್ರದ ಪ್ರತಿ ತಂದುಕೊಟ್ಟರು. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಯಾರೋ ಬರೆದದ್ದಂತೆ. ಬೇಸಿಗೆಯ ಬಿಸಿಲು, ಬಾಗಿದ ಮರಗಳು, ಹೊಳೆ. ಹೊಳೆಯಲ್ಲಿ ಮೀಯುವ ಏಳು ಹೆಂಗಸರು, ಮೈಮೇಲೆ ಒಂದು ಎಳೆ ನೂಲಿಲ್ಲ. ಸಾಬರು ಅದನ್ನು ಪೇಪರಿನಲ್ಲಿ ಸುತ್ತಿಯೇ ಒಳಗೆ ಕೊಟ್ಟರು.

"ಅಂಗ್ಡೀಗೆ ನಾಲ್ಕು ಜನ ಬರ್ತಾರೆ ಬೇಟಿ. ಮರ ಮಾತ್ರ ಕಾಣೋ ಹಂಗೆ ರಟ್ಟು ಕಟ್ ಮಾಡು."

ಚಿತ್ರದ ಸುತ್ತ, ಗಾಜಿನ ಕೆಳಗೆ ಕೂರಿಸುವ ಬಿಳಿ ರಟ್ಟು ಅದು. ಮುಚ್ಚಿಕೊಟ್ಟರೆ ಮೇಡಂಗೇ ಮರ್ಯಾದೆ ಎಂದು ಸಾಬರು ನಿಜವಾಗಿಯೂ ನಂಬಿದ್ದರು.

ಫರೀದಾ ಪೇಪರು ಬಿಚ್ಚಿದಳು. ಅವಳ ಕಣ್ಣು ಮೊದಲು ಹೋದದ್ದು ಮೈಗಲ್ಲ, ನೀರಿಗೆ. ತವರೂರು ಯಲ್ದೂರಿನ ಮಾವಿನ ತೋಪಿನ ಬಾವಿಯದೂ ಇದೇ ಬಣ್ಣ. ಮೇಲಿನ ಕಲ್ಲಿನಿಂದ ಧುಮುಕಿ, ತಳದ ಕೆಸರು ಹಿಡಿದು ತರುತ್ತಿದ್ದಳು. ಹನ್ನೆರಡು ತುಂಬಿದಾಗ ಅಜ್ಜಿ ದಡದಲ್ಲಿ ನಿಂತು, "ದೊಡ್ಡೋಳಾದೆ, ಹತ್ತು ಮೇಲೆ" ಎಂದಳು. ಜೊತೆಗಾತಿ ಮುನಿಯಲ್ಲಮ್ಮನನ್ನೂ ಅವರಮ್ಮ ಅದೇ ವಾರ ಹತ್ತಿಸಿದಳು. ಆಮೇಲೆ ನೀರೆಂದರೆ ಬಕೆಟ್ಟಿನಲ್ಲಿ ಬಂದಷ್ಟೇ. ಚಿತ್ರದ ನೀರಿನ ಮೇಲೆ ಫರೀದಾ ಒಮ್ಮೆ ಬೆರಳಾಡಿಸಿದಳು. ಆದರೂ ಕೈ ಹೇಳಿದ್ದನ್ನು ಮಾಡಿತು, ಏಳೂ ಹೆಂಗಸರು ರಟ್ಟಿನಡಿ ಹೋದರು.

ಸುನಂದ ಬಂದು ನೋಡಿ ರೇಗಿದರು. "ಇದೇನ್ರೀ ಸಾಬ್ರೇ, ಚಿತ್ರಾನೇ ಮುಚ್ಚಿಬಿಟ್ಟಿದೀರಲ್ಲ! ಯಾರ್ರೀ ಮಾಡಿದ್ದು?"

ಸಾಬರು ತಬ್ಬಿಬ್ಬಾಗಿ ಪರದೆಯ ಕಡೆ ನೋಡಿದರು. "ನಮ್ ಸೊಸೆ ಮೇಡಂ. ಪಾಪ, ನಾಚ್ಕೆ ಆಗಿರ್ಬೇಕು."

ಮೇಡಂ ದನಿ ತಗ್ಗಿತು. "ಅಯ್ಯೋ ಪಾಪ. ಹೋಗ್ಲಿ ಬಿಡಿ. ಒಳಗೇ ಕೂತಿರೋರಿಗೆ ಹೊಳೆ, ಈಜು ಇದೆಲ್ಲ ಏನ್ ಗೊತ್ತಿರುತ್ತೆ?"

ಮಾವನ ಸುಳ್ಳನ್ನು ಫರೀದಾ ಹೇಗೋ ನುಂಗುತ್ತಿದ್ದಳು. ಈ ಕನಿಕರ ಗಂಟಲಲ್ಲಿ ಇಳಿಯಲಿಲ್ಲ. ಈಗ ಬಾಯಿ ಬಿಡದಿದ್ದರೆ ಆ ಬಾವಿಯೇ ಇರಲಿಲ್ಲವೆಂದು ಒಪ್ಪಿಕೊಂಡಂತೆ. ಎದ್ದು ಪರದೆಯವರೆಗೆ ಬಂದಳು. ದಾಟುವ ಧೈರ್ಯ ಬರಲಿಲ್ಲ, ಅಲ್ಲೇ ನಿಂತು ಹೇಳಿದಳು.

"ನಂಗೆ ನಾಚ್ಕೆ ಆಗ್ಲಿಲ್ಲ ಮೇಡಂ. ನಂಗೆ ಈಜು ಬರುತ್ತೆ. ಆ ಎಡಗಡೆ ಹೆಂಗ್ಸಿಗೆ ಬರಲ್ಲ. ರಟ್ಟು ತೆಗೆದು ನೋಡಿ, ಬೇರು ಹಿಡ್ಕೊಂಡು ನಿಂತಿದಾಳೆ."

ಸುನಂದ ಪರದೆಯ ಕಡೆ ತಿರುಗಿದರು. ಸಾಬರು ಕೆಮ್ಮಿ ನಡುವೆ ಬಾಯಿ ಹಾಕಿದರು.

"ಪೂರ್ತಿ ಕಾಣೋ ಹಂಗೆ ಬೇರೆ ರಟ್ಟು ಹಾಕ್ಸಿ ಕೊಡ್ತೀನಿ ಮೇಡಂ, ಕೂತ್ಕೊಳ್ಳಿ. ಬೇಟಿ, ಮೇಡಂಗೆ ಚಾಯ್ ಇಡು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಎಂದಿನ ಅಕ್ಕರೆಯೇ ಇತ್ತು. ಚಿತ್ರದ ಏಳು ಹೆಂಗಸರಿಗೆ ಅಂದೇ ಬಿಡುಗಡೆಯಾಯಿತು. ಫರೀದಾ ಹಿಂದಕ್ಕೆ ಹೋಗಿ, ಎರಡು ಲೋಟ ನೀರು ಅಳೆದು ಪಾತ್ರೆಗೆ ಹಾಕಿ, ಸ್ಟವ್ ಹಚ್ಚಿದಳು.