ಹಂಡೆಯ ಕೆಳಗಿನ ಬಿದಿರು

ಹಳದಿ ರೇಶಿಮೆ ಲಡಿಯ ಮೇಲೆ ಎಳ್ಳುಕಾಳಿನಷ್ಟು ಮಸಿ ಕೂತಿತ್ತು. ಉಗುರಿನಿಂದ ಎತ್ತಲು ಹೋದೆ. ಅದು ಹರಡಿ ಹುಣಸೆ ಎಲೆಯಷ್ಟಾಯಿತು.

ಕಾರಣ ನನಗೆ ಗೊತ್ತಿತ್ತು. ಒಲೆಗೆ ತಳ್ಳಿದ ಬಿದಿರಿನಲ್ಲಿ ಒಂದು ತುಂಡು ಸೀಳದೆ ಉಳಿದುಬಿಟ್ಟಿತ್ತು. ಎರಡು ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ ಕಾದು, ತುಂಡು ಪಟಾಕಿಯಂತೆ ಸಿಡಿದು, ಕಿಡಿಯೂ ಮಸಿಯೂ ಬಣ್ಣದ ಹಂಡೆಯ ಮೇಲಕ್ಕೆ ಎದ್ದಿದ್ದವು.

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಸೀರೆ ನೇಯುವವರ ನೂಲಿಗೆ ಬಣ್ಣ ಹಾಕುವುದು ಅವ್ವನ ಕೆಲಸ. ಮಕ್ತಲ್ ಕಡೆಯ ನೆಡುತೋಪಿನಲ್ಲಿ ನೀಲಗಿರಿ ಕಡಿದಾಗ ಉಳಿಯುವ ತುದಿ, ಕೊಂಬೆಗಳನ್ನು ಆಯ್ದು ತರಲು ನಮಗೆ ಒಪ್ಪಿಗೆ ಇತ್ತು. ಬಣ್ಣದ ಒಲೆ ನಡೆದದ್ದೇ ಅದರಿಂದ. ನಾನು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ ಮನೆಗೆ ಬಂದ ವರ್ಷ ಆ ತೋಪಿಗೆ ಒಂದು ಯಂತ್ರ ಬಂತು. ಕೊಂಬೆ, ತೊಗಟೆ, ಎಲ್ಲವನ್ನೂ ನುಂಗಿ ಪುಡಿ ಮಾಡಿ ಲಾರಿಗೆ ಉಗುಳುತ್ತಿತ್ತು. ಆ ಪುಡಿ ಎಲ್ಲಿಯದೋ ಬಾಯ್ಲರಿಗೆ ಹೋಗುತ್ತದಂತೆ. ನಮಗೆ ಉಳಿದದ್ದು ತೋಪಿನ ಅಂಚಿನಲ್ಲಿ ಕಡಿದ ಬಿದಿರು ಮಾತ್ರ. ಅದನ್ನು ಹಾಕಿದರೆ ಯಂತ್ರದ ಹಲ್ಲು ಸವೆಯುತ್ತದೆ, ಬೇಕಿದ್ದರೆ ಒಯ್ಯಿ ಎಂದ ಯಂತ್ರದವನು. ನಾನು ಹೊರೆ ಕಟ್ಟುವಾಗ ಪಕ್ಕದವನಿಗೆ, "ಚದುವುಕುನ್ನ ಪಿಲ್ಲ," ಅಂದ. ಓದಿದ ಹುಡುಗಿ ಎಂಬುದು ತೆಲುಗಿನಲ್ಲಿ ಬೈಗುಳದಂತೆಯೂ ಕೇಳಬಲ್ಲದು.

ಬಿದಿರು ಅಂಗಳಕ್ಕೆ ಇಳಿದ ದಿನ ಸೋದರತ್ತೆ ಊಟ ಬಿಟ್ಟರು. ಅಪ್ಪನ ಅಕ್ಕ, ಅಪ್ಪ ಹೋದ ಮೇಲೂ ನಮ್ಮ ಜೊತೆಗೇ ಇದ್ದಾರೆ. ನಮ್ಮ ಕೆಲಸಕ್ಕೆ ಕೈ ಹಾಕುವುದಿಲ್ಲ, ಬಾಯಿ ಹಾಕುತ್ತಾರೆ.

"ಬಿದಿರು ಸುಡಬಾರದು. ಚಟ್ಟದ ಜೋಡಿ ಒಂದ ಸಲ ಸುಡತೈತಿ, ಅಷ್ಟ."

"ಮಗ್ಗದಾಗ ಹಾಸಿನ ನೂಲು ಮಲಗೋದು ಬಿದಿರಿನ ಕಡ್ಡೀ ಮ್ಯಾಲೇ ಅಲ್ಲೇನ್ರಿ ಅತ್ತಿ?"

"ಮ್ಯಾಲ ಮಲಗೋದು ಬ್ಯಾರೆ, ಸುಡೋದು ಬ್ಯಾರೆ. ಮೊರದಾಗ ಬಾಗಿನಾ ಕೊಡ್ತೀವಿ, ಮೊರಾ ಒಲಿಗೆ ಹಾಕ್ತಾರೇನು? ವಂಶ ಅಂದ್ರ ಬಿದಿರು. ನಿಮ್ಮವ್ವ ಹಡದದ್ದು ನಿನ್ನೊಬ್ಬಾಕಿನ್ನ. ನೀ ನೋಡಿದ್ರ ವಂಶಾನ ಒಲಿಗೆ ತಳ್ಳಾಕ ಬಂದಿ."

ಉತ್ತರ ಇತ್ತು: ಅತ್ತೆಗೆ ಮಕ್ಕಳಿಲ್ಲ, ಬಿದಿರು ಸುಡದೆಯೂ. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಒಲೆ ಹಚ್ಚಿದೆ.

ಉದ್ದಕ್ಕೆ ಸೀಳಿ ಹಾಕಿದರೆ ಬಿದಿರು ಸದ್ದಿಲ್ಲದೆ ಉರಿಯುತ್ತದೆ. ಕೆಂಪು, ಹಸಿರು, ಕಪ್ಪು ಲಡಿಗಳು ತಕರಾರಿಲ್ಲದೆ ಹೊರಬಿದ್ದವು. ಓಣಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅತ್ತೆಯೂ ಹೊರಗೆ ಬಾಯಿಬಿಡಲಿಲ್ಲ, ಕಾಯುತ್ತಿದ್ದರು ಅನಿಸುತ್ತದೆ.

ಹಳದಿ ನೂಲು ಎದುರುಮನೆಯಾಕೆಯದು. ಗದ್ವಾಲದ ಒಂದು ಮನೆಯ ಮದುವೆಗೆಂದು ಅವಳು ನೇಯಬೇಕಿದ್ದ ಸೀರೆಗೆ. ಅವಳು ಯಾರಿಗೆ ನೂಲು ಕೊಡುತ್ತಾಳೋ ಓಣಿಯ ಉಳಿದ ಮಗ್ಗದವರೂ ಅವರಿಗೇ ಕೊಡುತ್ತಾರೆ. ಬಿದಿರು ಸಿಡಿದ ಸದ್ದಿಗೆ ಓಡಿ ಬಂದವಳು ಲಡಿ ನೋಡಿದಳು, ಆಮೇಲೆ ಬಗ್ಗಿ ಒಲೆಯೊಳಗೆ ನೋಡಿದಳು.

"ಏನಿದು?"

"ಒಂದು ಸೀಳಿದ್ದಿಲ್ಲರೀ, ಅದಕ್ಕ ಸಿಡೀತು," ಎಂದೆ.

"ಸೀಳಿದ್ದು ಬಿಟ್ಟಿದ್ದು ಕೇಳಲಿಲ್ಲ. ಏನು ಕಟ್ಟಿಗಿ ಅಂತ ಕೇಳ್ದೆ."

"ಚಟ್ಟದ ಕಟ್ಟಿಗಿ," ಅಂದರು ಅತ್ತೆ ಕಟ್ಟೆಯ ಮೇಲಿಂದ, ಊಟದಲ್ಲಿ ಉಪ್ಪು ಕೇಳಿದಷ್ಟು ಸಲೀಸಾಗಿ.

ಮಸಿಯ ಮಾತು ಅಲ್ಲಿಗೆ ಮುಗಿಯಿತು. ತೊಳೆದರೆ ಅದು ಹೋಗುತ್ತಿತ್ತು. ಸಾಬೂನು ನೀರಿಗೆಂದು ನಾನು ಎದ್ದೂ ಇದ್ದೆ.

"ಮದಿವಿ ನೂಲಿಗೆ ಹೆಣದ ಉರಿ ಹಚ್ಚಿಯೇನು ತಾಯಿ? ದೊಡ್ಡ ಓದು ಓದಿಯಂತ. ಇದನ್ನೂ ಅಲ್ಲೇ ಕಲಿಸಿದ್ರೇನು?" ಅವ್ವನ ಕಡೆ ತಿರುಗಿ ಅವಳು ದನಿ ಇಳಿಸಿದಳು, ಕರುಣೆಯಿಂದಲ್ಲ. "ಅಕ್ಕಾ, ನಿನ್ನ ಮಾರಿ ನೋಡಿ ಹೇಳ್ತೀನಿ. ಈ ಒಲಿ ಒಡೀರಿ, ಹೊಸಾದು ಹಾಕ್ರಿ, ಆಮ್ಯಾಲ ನೂಲು ಕೊಡ್ತೀನಿ. ಇಲ್ಲಂದ್ರ ಓಣಿ ನೂಲೆಲ್ಲಾ ಗದ್ವಾಲದ ಬಣ್ಣದವರ ಕಡೆ ಹೋಗತೈತಿ."

ಆ ಒಲೆಯನ್ನು ಅವ್ವ ತಾನೇ ಕಟ್ಟಿದ್ದು. ಹಂಡೆಯ ಬುಡಕ್ಕೆ ಉರಿ ಎಲ್ಲಿ ಎಷ್ಟು ತಾಗಬೇಕೆಂದು ನೋಡಿ, ಮಣ್ಣು ಕೆರೆದು, ಮತ್ತೆ ಮೆತ್ತಿ ತಿದ್ದಿದ್ದು. ಓಣಿಯ ನೂಲು ಹೋದರೆ ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ಎದುರುಮನೆಯಾಕೆ ಹೋದ ಮೇಲೆ ಅವ್ವ ಹಂಡೆ ಇಳಿಸಿ ಮಗುಚಿ ಹಾಕಿದಳು. ಸಂಜೆ, ನನ್ನ ಮುಖ ನೋಡದೆ, "ನಿನ್ನ ಓದಿಸಬಾರದಿತ್ತು ಅಂತ ನಾ ಅನ್ನೂದಿಲ್ಲ. ಆದ್ರ ಒಲಿ ನೀನ ಒಡಿ," ಎಂದಳು.

ಅತ್ತೆ ಅಂದು ಒಂದು ರೊಟ್ಟಿ ಹೆಚ್ಚಿಗೆ ತಿಂದರು.

ಮರುದಿನ ಬೆಳಿಗ್ಗೆ ಹಾರೆ ತಂದು ಒಲೆ ಒಡೆದೆ. ಒಳಮಣ್ಣು ಇಟ್ಟಿಗೆಯಂತೆ ಬೆಂದಿತ್ತು. ಎದುರುಮನೆಗೆ ಕಾಣಲೆಂದು ಹೆಂಟೆಗಳನ್ನು ಬಾಗಿಲ ಹೊರಗೆ ಸುರಿದೆ. ಅವಳು ಬಂದು, ಒಂದನ್ನು ಕಾಲಿನಿಂದ ಹೊರಳಿಸಿ ನೋಡಿ, ತಲೆಯಾಡಿಸಿ ಹೋದಳು. ಕೆಮ್ಮಣ್ಣಿಗೆ ಹೊಟ್ಟು ಕಲಸಿ ಹಳೆಯ ಜಾಗದಲ್ಲೇ ಹೊಸ ಒಲೆ ಮೆತ್ತಿದೆ. ಬಾಯಿ ಯಾಕೆ ಇಷ್ಟು ಸಣ್ಣದು ಎಂದು ಅತ್ತೆ ಕೇಳಿದರು. ಹೊಗೆ ಹೊರಗೆ ಬರಬಾರದಲ್ಲ ಎಂದೆ. ಅವ್ವ ಬಂದು ಆ ಬಾಯಿಗೆ ಕೈಯಿಟ್ಟು ಅಳೆದಳು. ಸೀಳಿದ ಬಿದಿರು ಮಾತ್ರ ಹಿಡಿಯುವಷ್ಟು, ಬಗ್ಗಿದರೂ ಒಳಗೆ ಉರಿಯುವುದೇನೆಂದು ಯಾರಿಗೂ ಕಾಣದಷ್ಟು. ಅವಳು ಕೈ ತೆಗೆದು ನೀರಿನ ತಂಬಿಗೆ ನನ್ನ ಕಡೆ ಸರಿಸಿದಳು. ನಾನು ಬೆರಳು ಒದ್ದೆ ಮಾಡಿಕೊಂಡು ಅಂಚನ್ನು ನುಣುಪು ಮಾಡಿದೆ.