ಊಟಿಯಲ್ಲೊಂದು ಹುಳದ ಮನೆ

ಬಚ್ಚಲು ತೊಳೆಯಲೆಂದು ನನ್ನ ಹೆಂಡತಿ ಶಾರದೆ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದಳು. ಅದರ ವಾಸನೆ ನಡುಮನೆಗೆ ಬಂದು ಮೂಗಿಗೆ ಹೊಡೆಯುವ ಹೊತ್ತಿಗೆ ಸರಿಯಾಗಿ ಉಳಿಯಲು ಕೋಣೆ ಹುಡುಕುತ್ತಿದ್ದ ನನ್ನ ಕೈಯ ಫೋನು ಪ್ರಶ್ನೆ ಕೇಳಿತು: ಊಟಿಯಲ್ಲಿ ಯಾವ ಏರಿಯಾ? ಕೆರೆಯ ಪಕ್ಕವೇ, ಮಾರ್ಕೆಟ್ಟಿನ ಪಕ್ಕವೇ, ಚಾರಿಂಗ್ ಕ್ರಾಸೇ, ಫರ್ನ್‌ಹಿಲ್ಲೇ, ಇನ್ನೂ ಮೇಲಕ್ಕೇ? ಬಚ್ಚಲ ವಾಸನೆಗೂ ಊಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವರಾದರೆ ಕೇಳುವುದಿಲ್ಲ. ಒಂದು ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಹುಳದ ಮನೆಯನ್ನು ಇದೇ ಪೌಡರಿನಲ್ಲಿ ತೊಳೆದು, ಬಾಗಿಲು ಹಾಕಿ ಬಿಡುತ್ತಾರೆ. ಮುಂದಿನ ಬೆಳೆಯ ಮರಿಹುಳ ಬರುವ ತನಕ ಆ ಮನೆಯ ಜನಕ್ಕೆ ನಾಲ್ಕು ದಿನ ಬಿಡುವು. ನಮ್ಮ ಕಡೆ ಮದುವೆ ಮಾತುಕತೆ, ಹಲ್ಲು ಕೀಳಿಸುವುದು, ನೆಂಟರ ಮೇಲಿನ ಮುನಿಸು ತೀರಿಸಿಕೊಳ್ಳುವುದು ಎಲ್ಲವೂ ಈ ವಾಸನೆಯ ದಿನಗಳಲ್ಲೇ ನಡೆಯುತ್ತವೆ. ನಮ್ಮ ದೊಡ್ಡಮ್ಮ ಊಟಿಗೆ ಹೋಗಿದ್ದೂ ಹಾಗೆಯೇ.

ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ. ಕೋಡಿಹಳ್ಳಿಯ ಹತ್ತಿರ ಅವಳ ಮನೆ, ತೋಟ. ಮಗ ಶಿವಲಿಂಗ ಹಾರೋಹಳ್ಳಿಯ ಒಂದು ಫ್ಯಾಕ್ಟರಿಗೆ ಹೋಗುತ್ತಾನೆ, ಸೊಸೆ ಮಂಗಳ ಅತ್ತೆಯ ಜೊತೆ ಹುಳ ನೋಡಿಕೊಳ್ಳುತ್ತಾಳೆ. ನಾನು ಚಿಕ್ಕವನಿದ್ದಾಗ ಹುಳಕ್ಕೆಂದು ಬೇರೆ ಮನೆ ಇರಲಿಲ್ಲ. ಇದ್ದ ಮನೆಯ ಬೆಚ್ಚನೆಯ ಕೋಣೆ ಹುಳದ್ದು, ಜಗಲಿ ನಮ್ಮದು. ಹುಳ ಮೇಯುತ್ತಿರುವಷ್ಟು ದಿನ ಒಳಗೆ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವನು ಹೊಸಿಲು ದಾಟುವಂತಿಲ್ಲ. ತಂಡಿ ಬಿದ್ದರೆ ಹುಳ ಸೊಪ್ಪು ಮುಟ್ಟುವುದಿಲ್ಲ, ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣ ಒಳಗೆ ಬಂದರೆ ಬೆಳೆಯೇ ಹೋಯಿತು. ನನಗೆ ಜ್ವರ ಬಂದರೆ ಒಂದು ಕಂಬಳಿ, ಹುಳಕ್ಕೆ ಚಳಿಯಾದರೆ ಕೋಣೆಯ ತುಂಬಾ ಕೆಂಡ. ಹುಳವಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಇದು ನಡೆದು ಹತ್ತು ಹನ್ನೆರಡು ವರ್ಷವಾಗಿರಬೇಕು. ಗೂಡು ಮಾರಲು ರಾಮನಗರಕ್ಕೆ ಬಂದಿದ್ದ ದೊಡ್ಡಮ್ಮ ನಮ್ಮ ಮನೆಯಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಇದ್ದಕ್ಕಿದ್ದಂತೆ ಕೇಳಿದಳು.

"ಊಟೀಲಿ ಮೋಡ ಕಿಟಕೀಲಿ ತೂರ್ಕಂಡು ಮನೆ ಒಳಕ್ಕೇ ಬಂದ್ಬುಡ್ತದಂತೆ. ನಿಜವೇನಪ್ಪ?"

ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವನು. ಊಟಿಯಂಥ ಬೆಟ್ಟದ ಊರಿಗೆ ಒಮ್ಮೆಯೂ ಹೋಗದೆ ಬೆಟ್ಟದ ಮೇಲೆ ಬೇಕಾದಷ್ಟು ಪಾಠ ಮಾಡಿದ್ದವನು. "ಮಂಜು ಅಂದರೆ ನೆಲಕ್ಕಿಳಿದ ಮೋಡ, ದೊಡ್ಡಮ್ಮ" ಎಂದು ಶುರು ಮಾಡಿದೆ.

"ಅದು ಪುಸ್ತಕದ್ದು. ಒಳಕ್ಕೆ ಬತ್ತದೋ ಇಲ್ವೋ, ಅದನ್ನೇಳು."

ನನಗೆ ಗೊತ್ತಿರಲಿಲ್ಲ. ನಮ್ಮೂರಿಗೂ ಬೆಟ್ಟ ನೋಡಲು ಭಾನುವಾರ ಬಂತೆಂದರೆ ಕಾರುಗಟ್ಟಲೆ ಜನ ಬರುತ್ತಾರೆ. ನಮ್ಮ ತಾರಸಿಯ ಮೇಲೆ ನಿಂತರೆ ಮೂರು ದಿಕ್ಕಿಗೂ ಬಂಡೆಯೇ. ಅದಕ್ಕೆ ಬೆನ್ನು ಹಾಕಿ ನಿಂತು ನಾವು ಬಟ್ಟೆ ಒಣಗಿಸುತ್ತೇವೆ. ನಮ್ಮ ಬಂಡೆಗಳ ಮೇಲೆ ಮೋಡ ಬಂದರೆ ದೂರದಲ್ಲೇ ನಿಂತು ಹೋಗುತ್ತದೆ. ಕಿಟಕಿಯಲ್ಲಿ ತೂರಿ ಒಳಗೆ ಬರುವಷ್ಟು ಸಲಿಗೆ ಅದಕ್ಕೆ ಇನ್ನೂ ಬಂದಿಲ್ಲ.

ದೊಡ್ಡಮ್ಮ ಅಷ್ಟಕ್ಕೆ ಬಿಡಲಿಲ್ಲ. "ಇಷ್ಟು ವರ್ಸದಲ್ಲಿ ಹುಳ ಬುಟ್ಟು ಎಲ್ಲೂ ಹೋದೋಳಲ್ಲ ನಾನು. ಅದೊಂದ ನೋಡ್ಬೇಕು ಕಣಪ್ಪ" ಎಂದಳು. ಅವಳು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಆಗ ಬೇಸಿಗೆ ರಜ. ಮುಂದಿನ ಬೆಳೆ ಮುಗಿದು ಹುಳದ ಮನೆ ತೊಳೆದ ಕೂಡಲೇ ಹೊರಡುವುದು ಎಂದು ಮಾತಾಯಿತು.

ಎಲ್ಲಿ ಉಳಿಯುವುದು ಎಂಬ ಪಂಚಾಯಿತಿ ಕೋಡಿಹಳ್ಳಿಯ ಜಗಲಿಯಲ್ಲಿ ಸೇರಿತು. ಶಿವಲಿಂಗ ಆಗಷ್ಟೇ ಹೊಸ ಫೋನು ಕೊಂಡಿದ್ದ, ಅದರಲ್ಲಿ ಒಂದೊಂದೇ ಜಾಗದ ಫೋಟೋ ತೋರಿಸುತ್ತಾ ಹೋದ. ನನಗೆ ಕೆರೆ ಕಾಣಬೇಕು. ಕಂಡು ಏನು ಮಾಡುತ್ತೇನೋ ಗೊತ್ತಿಲ್ಲ, ಪಟದಲ್ಲಿ ನೀಲಿ ಬಣ್ಣ ಇದ್ದ ಕಡೆ ಕೈ ಹೋಗುವುದು ನನ್ನ ಅಭ್ಯಾಸ. ಶಾರದೆಗೆ ಮಾರ್ಕೆಟ್ಟು ಹತ್ತಿರವಿರಬೇಕು, ಬಿಸಿನೀರು ಬರಬೇಕು. ಶಿವಲಿಂಗನಿಗೆ ಕಾರು ನಿಲ್ಲಿಸಲು ಜಾಗವೊಂದಿದ್ದರೆ ಬೆಟ್ಟ ಇಲ್ಲದಿದ್ದರೂ ನಡೆದೀತು. ಕೊನೆಗೆ ಅವನೇ, "ಹೋಗ್ತಿರೋದು ಅವ್ವಂಗೋಸ್ಕರ. ಅವ್ವ ಎಲ್ಲಿ ಅಂತದೋ ಅಲ್ಲೇ" ಎಂದ.

ದೊಡ್ಡಮ್ಮ ಫೋಟೋಗಳನ್ನು ಅಷ್ಟಾಗಿ ನೋಡಲಿಲ್ಲ. ಪ್ರಶ್ನೆ ಕೇಳಿದಳು. "ಅಲ್ಲಿ ಗಾಳಿ ಎಂಗೆ? ನೇರ ನುಗ್ತದಾ?" "ಪಕ್ದಲ್ಲಿ ಹೋಟ್ಲು ಐತಾ? ಮೆಣಸಿನಕಾಯಿ ಹುರಿಯೋ ಘಾಟು ಬತ್ತದಾ?" "ಕಿಟಕೀಗೆ ಜಾಲರಿ ಐತಾ?" ಎಂಥ ಮುಂದಾಲೋಚನೆ ಎಂದು ನಾವು ತಲೆದೂಗಿದೆವು. ಶಿವಲಿಂಗ ಅಲ್ಲಿಯವರಿಗೆ ಫೋನು ಮಾಡಿ ಒಂದೊಂದನ್ನೂ ಕೇಳಿದ. ಮೇಲಿನ ಬೀದಿಗಳಲ್ಲಿ ಗಾಳಿ ಜಾಸ್ತಿ ಎಂದರು, ಅವೆಲ್ಲ ಬಿದ್ದುಹೋದವು. ಕೆರೆಯ ಪಕ್ಕ ತೇವ ಎಂದರು, ನನ್ನ ನೀಲಿಯೂ ಹೋಯಿತು. ಉಳಿದದ್ದು ಮಾರ್ಕೆಟ್ಟಿನ ಕೆಳಗೆ, ತಗ್ಗಿನಲ್ಲಿದ್ದ ಒಂದು ಲಾಡ್ಜು. ಸುತ್ತ ಕಟ್ಟಡಗಳು, ಚಿಕ್ಕ ಕಿಟಕಿ, ಅದಕ್ಕೆ ಜಾಲರಿ. "ಇದೇ ಸೈ" ಎಂದಳು ದೊಡ್ಡಮ್ಮ. ಮಂಗಳ ಹಸುಗಳಿಗಾಗಿ ಊರಿನಲ್ಲೇ ಉಳಿದಳು, ನಾವು ನಾಲ್ವರು ಹೊರಟೆವು.

ಮಧ್ಯಾಹ್ನ ಹೋಗಿ ಸೇರಿದೆವು. ಚೀಲ ಇಳಿಸುವ ಮೊದಲೇ ದೊಡ್ಡಮ್ಮ ಕೋಣೆಯ ಪರೀಕ್ಷೆಗೆ ನಿಂತಳು. ಮೂಗೆಳೆದು ಬೀಡಿ ವಾಸನೆ ನೋಡಿದಳು. ಮೂಲೆ ಮೂಲೆಗೆ ಬಗ್ಗಿ ಇರುವೆ ಹುಡುಕಿದಳು. ಗೋಡೆಗೆ ಅಂಗೈ ಒತ್ತಿದಳು. ಕಡ್ಡಿ ಗೀರಿ ಬಾಗಿಲ ಸಂದಿಯ ಹತ್ತಿರ ಹಿಡಿದಳು, ಉರಿ ಅಲ್ಲಾಡಲಿಲ್ಲ. "ಒಳ್ಳೆ ಬೆಚ್ಚಗೈತೆ. ಬಲು ಚೆಂದಾದ ಜಾಗ" ಎಂದು ತೃಪ್ತಿಯಿಂದ ಮಂಚದ ಮೇಲೆ ಕೂತಳು. ನಾನು ಕಿಟಕಿ ತೆಗೆದೆ. ಕೈಗೆಟುಕುವಷ್ಟು ಹತ್ತಿರದಲ್ಲಿ ಒಂದು ಬೇಕರಿಯ ಹಿಂಗೋಡೆ ಇತ್ತು, ಹಳದಿ ಬಣ್ಣ ಬಳಿದದ್ದು. ಅದರ ಆಚೆಗೂ ಈಚೆಗೂ ಏನೂ ಇರಲಿಲ್ಲ. ಕನಕಪುರದ ಬಸ್ ಸ್ಟ್ಯಾಂಡಿನ ಹಿಂದೆ ಉಳಿದಿದ್ದರೂ ಇಷ್ಟೇ ಕಾಣುತ್ತಿತ್ತು. ಶಾರದೆ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ಸಂಜೆ ನಾನೂ ದೊಡ್ಡಮ್ಮನೂ ಮೇಲಿನ ಬೀದಿಗಳ ಕಡೆ ನಡೆದೆವು. ಹತ್ತುತ್ತಾ ಹೋದಂತೆ ಕಟ್ಟಡಗಳು ಕೆಳಗೆ ಬಿದ್ದವು. ಒಂದು ತಿರುವಿನಲ್ಲಿ ಇಡೀ ಊರು, ಅದರ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು ಬೆಟ್ಟ ಕಂಡವು. ಗಾಳಿ ಎಂಥದ್ದೆಂದರೆ ನಾನು ಕನ್ನಡಕ ಹಿಡಿದುಕೊಳ್ಳಬೇಕಾಯಿತು. ದೊಡ್ಡಮ್ಮ ಸೆರಗನ್ನು ತಲೆಗೆ ಬಿಗಿದು, ನಿಂತಲ್ಲೇ ಗಾಬರಿಯಾದಳು.

"ಅಯ್ಯಪ್ಪಾ! ಈ ಗಾಳೀಗೆ ಒಂದು ಹುಳಾನೂ ಉಳಿಯಕ್ಕಿಲ್ಲ ಕಣಪ್ಪ!"

"ಹುಳ ಎಲ್ಲಿದೆ ದೊಡ್ಡಮ್ಮ?" ಎಂದೆ. ತಮಾಷೆಗೆ ಅಂದದ್ದು.

ಅವಳು ನನ್ನನ್ನು ನೋಡಿದಳು. ಆಮೇಲೆ ಕೆಳಗೆ ತಗ್ಗಿನಲ್ಲಿ ನಮ್ಮ ಲಾಡ್ಜು ಇರಬಹುದಾದ ಕಡೆ ನೋಡಿದಳು. ಅಲ್ಲೇ ಮೋರಿಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಅಯ್ಯೋ ನನ್ ಬುದ್ಧಿಗಿಷ್ಟು! ಹುಳಕ್ಕೆ ಜಾಗ ಹಿಡಿದ್ಬುಟ್ಟೆ ಕಣಪ್ಪ. ಜಾಲರಿ ಬೇರೆ ಕೇಳ್ದೆ. ಮೋಡ ಎಲ್ಲಿಂದ ಬಂದಾತು ಒಳಕ್ಕೆ?"

ನನಗೂ ನಗು ಬಂತು. ನಗುತ್ತಲೇ ಅವಳ ಪಕ್ಕ ಕೂತೆ. ನಿನಗೆ ಎಲ್ಲಿ ಬೇಕು ಎಂದು ಜೀವನದಲ್ಲಿ ಮೊದಲ ಸಲ ಯಾರೋ ಕೇಳಿದರೆ, ತನಗೆ ಏನು ಬೇಕೆಂದು ಹುಡುಕಲು ಅವಳಿಗೆ ಹುಳಕ್ಕೆ ಏನು ಬೇಕೆಂಬ ದಾರಿಯೊಂದೇ ಗೊತ್ತಿತ್ತು. ನಾನು, ಶಾರದೆ, ಶಿವಲಿಂಗ ಮೂವರೂ ಹುಳದ ಮನೆಗಳಲ್ಲೇ ಓಡಾಡಿಕೊಂಡಿದ್ದವರು. ಒಬ್ಬರಿಗೂ ಹೊಳೆಯಲಿಲ್ಲ.

ಆ ತಿರುವಿನಲ್ಲಿ ನೀಲಗಿರಿಯ ಬಡಗ ಜನದ ಒಬ್ಬ ಮುದುಕಿ ಮನೆ ಬಾಗಿಲಲ್ಲೇ ಕ್ಯಾರೆಟ್ಟಿನ ಕಟ್ಟುಗಳನ್ನು ಇಟ್ಟುಕೊಂಡು ಕೂತಿದ್ದಳು. ಅವಳ ಮಾತು ನಮ್ಮ ಮಾತಿನ ದಾಯಾದಿಯಂತೆ ಕೇಳಿಸುತ್ತಿತ್ತು, ಅರ್ಧ ತಿಳಿಯುತ್ತಿತ್ತು, ಅರ್ಧ ತಪ್ಪಿಸಿಕೊಳ್ಳುತ್ತಿತ್ತು. ದೊಡ್ಡಮ್ಮನಿಗೆ ಅದೇನೂ ಅಡ್ಡಿಯಾಗಲಿಲ್ಲ. ಪಕ್ಕದಲ್ಲೇ ಕೂತು, ಕೈಸನ್ನೆ ಸೇರಿಸಿ ಮೋಡದ ವಿಚಾರ ಕೇಳಿದಳು. ಬರುತ್ತದಂತೆ. ಬೆಳಗಿನ ಜಾವ ಕಿಟಕಿ ತೆಗೆದಿದ್ದರೆ ನೇರ ಒಳಗೇ ಬಂದು, ಹಾಸಿಗೆಯ ಮೇಲೆಲ್ಲ ಓಡಾಡಿ ಹೋಗುತ್ತದಂತೆ. ಒಗೆದ ಬಟ್ಟೆ ಒಣಗುವುದೇ ಇಲ್ಲ ಎಂದು ಆ ಮುದುಕಿ ಬೈದುಕೊಂಡಳು. ದೊಡ್ಡಮ್ಮ ಅವಳ ಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಆವತ್ತು ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಮೇಲೆ ಎಲ್ಲಾದರೂ ಕೋಣೆ ಸಿಗುತ್ತದೇನೋ ಎಂದು ಕತ್ತಲಾಗುವ ತನಕ ಅಲೆದೆವು. ರಜೆಯ ದಿನ, ಎಲ್ಲ ಭರ್ತಿ. ಮಾರನೆಯ ದಿನ ತೋಟ, ಕೆರೆ, ರೈಲು ಎಂದು ಎಲ್ಲರೂ ನೋಡುವುದನ್ನು ನೋಡಿದೆವು. ರಾತ್ರಿ ಮಂಗಳನ ಫೋನು ಬಂತು, ಹೊಸ ಮರಿಹುಳ ಹೇಳಿದ್ದಕ್ಕಿಂತ ಮುಂಚೆಯೇ ಬರುತ್ತಿದೆ ಎಂದು. ಬೆಳಗ್ಗೆ ಎದ್ದವರೇ ಹೊರಟೆವು. ಕಾರು ಊರು ಬಿಡುವಾಗ ದೊಡ್ಡಮ್ಮ ಹಿಂದಿನ ಗಾಜಿನ ಕಡೆ ತಿರುಗಿ ಕೂತಿದ್ದಳು. ನಾನೂ ತಿರುಗಿದೆ. ಮೇಲಿನ ಬೀದಿಗಳೆಲ್ಲ ಮೋಡದಲ್ಲಿ ಬೆಳ್ಳಗಾಗಿದ್ದವು, ಮನೆಗಳು ಕಾಣುತ್ತಿರಲಿಲ್ಲ. "ಬತ್ತಾ ಐತೆ ನೋಡು ಈಗ" ಎಂದಳು, ಅಷ್ಟೇ. ಗುಂಡ್ಲುಪೇಟೆ ದಾಟುವ ಹೊತ್ತಿಗೆ ಅವಳ ಮಾತು ಸೊಪ್ಪಿನ ಕಡೆ ಹೊರಳಿತ್ತು.

ಆಮೇಲೆ ಬೆಳೆಯ ಮೇಲೆ ಬೆಳೆ. ಈಗ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಹುಳದ ಮನೆ ಪೂರ್ತಿ ಮಂಗಳನದು, ದೊಡ್ಡಮ್ಮ ಹೊರಗೆ ಕೂತು ಬೈಯುವ ಕೆಲಸ ಮಾತ್ರ ಇಟ್ಟುಕೊಂಡಿದ್ದಾಳೆ. ಚಳಿಗಾಲದಲ್ಲಿ ಒಸಿ ದಮ್ಮು ಕಟ್ಟುತ್ತದೆ. ಹೋದ ವಾರ ಅವಳೇ ಶಿವಲಿಂಗನ ಕೈಯಲ್ಲಿ ಫೋನು ಮಾಡಿಸಿದಳು. "ಇನ್ನೊಂದ್ ಕಿತ ಕರ್ಕೊಂಡೋಗ್ರಪ್ಪ. ಅದೊಂದು ಬಾಕಿ ಉಳ್ಕಂತು" ಎಂದಳು. ಹಾಗಾಗಿಯೇ ಈ ಸಂಜೆ ನಾನು ಫೋನು ಹಿಡಿದು ಕೂತದ್ದು.

ಈ ಸಲ ತಪ್ಪು ಮಾಡಬಾರದೆಂದು ಬಹಳ ಹುಷಾರಾಗಿ ಹುಡುಕಿದ್ದೆ. ಬಚ್ಚಲ ವಾಸನೆ ಆರುವ ಹೊತ್ತಿಗೆ ಒಂದು ಜಾಗ ಗೊತ್ತು ಮಾಡಿ, ಖುಷಿಯಿಂದ ಕೋಡಿಹಳ್ಳಿಗೆ ಫೋನು ಹಚ್ಚಿದೆ.

"ಎಲ್ಲಿ ಹಿಡ್ದೆ?" ಎಂದಳು ದೊಡ್ಡಮ್ಮ.

"ಒಳ್ಳೆ ಏರಿಯಾ ದೊಡ್ಡಮ್ಮ. ಆಸ್ಪತ್ರೆ ಪಕ್ಕದಲ್ಲೇ. ಮೆಟ್ಟಿಲು ಇಲ್ಲ. ಸುತ್ತ ಕಟ್ಟಡ ಇರೋದ್ರಿಂದ ಗಾಳಿ ಒಂಚೂರೂ ಬರಲ್ಲ, ಚಳಿ ಆಗಲ್ಲ. ಕೋಣೆ ಬೆಚ್ಚಗಿರುತ್ತೆ, ಹೀಟರ್ ಬೇರೆ ಇದೆ."

ಭೇಷ್ ಅನ್ನುತ್ತಾಳೆಂದು ಕಾದೆ.

"ಯಾವ ಹುಳಕ್ಕೆ ಹಿಡ್ದಿದ್ದೀಯಪ್ಪ ಅದ?" ಎಂದಳು.

ಅವಳ ದನಿ ಫೋನಿನಿಂದ ಆಚೆಗೂ ಕೇಳಿಸಿತು. ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ ಶಾರದೆ ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ನಿಮ್ಮ ಮುಂದೆ ಮುಚ್ಚುಮರೆ ಏಕೆ? ಗಾಳಿ ಬಾರದ, ತಂಡಿ ತಾಕದ ಆ ಕೋಣೆಯಲ್ಲಿ ನಾನು ಹುಳದ ತಟ್ಟೆಯ ಮೇಲೆ ಇಟ್ಟು ಸಾಕಲು ಹೊರಟಿದ್ದು ಅವಳನ್ನೇ.

"ದಮ್ಮು ಕಟ್ಟುತ್ತಲ್ಲ ದೊಡ್ಡಮ್ಮ" ಎಂದೆ, ಸಣ್ಣ ದನಿಯಲ್ಲಿ.

"ಸ್ವೆಟ್ರು ಹಾಕ್ಕತೀನಿ. ಮಾತ್ರೆ ತತ್ತೀನಿ. ಚಳಿಯಾದ್ರೆ ಕಿಟಕಿ ಮುಚ್ಚಾಕ್ ಬರಕ್ಕಿಲ್ವಾ? ಗೋಡೆ ಆದ್ರೆ ಏನ್ ಮಾಡನ?"

ಫೋನು ಕಿವಿಗೆ ಹಿಡಿದ ಹಾಗೆಯೇ ಶಾರದೆಯ ಫೋನು ಇಸಿದುಕೊಂಡು, ಮೊದಲಿನ ಜಾಗ ಬಿಟ್ಟು ಮೇಲಿನ ಬೀದಿಗಳ ಕಡೆ ಹೋದೆ. ಆ ತಿರುವಿಗಿಂತ ಸ್ವಲ್ಪ ಮೇಲೆ ಒಂದು ಮನೆ ಸಿಕ್ಕಿತು. ಮಂಚದ ಪಕ್ಕಕ್ಕೇ ಕಿಟಕಿ, ಕಿಟಕಿಯ ಆಚೆ ಏನೂ ಇಲ್ಲ. ಮೋಡ ನಿಜವಾಗಿಯೂ ಒಳಗೆ ಬರುತ್ತದೆಯೇ? ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿಯೂ ನಾನು ನೋಡಿಲ್ಲ. ನೋಡಬೇಕು ಎಂದು ಆ ಕ್ಷಣ ನನಗೇ ಆಸೆಯಾಯಿತು. ದೊಡ್ಡಮ್ಮನಿಗೆ ಹೇಳಿದೆ.

"ಕಿಟಕೀಗೆ ಜಾಲರಿ ಐತಾ?" ಎಂದಳು.

ಮತ್ತೆ ಶುರುವಾಯಿತಲ್ಲ ಎಂದು ಫೋಟೋ ಹಿಗ್ಗಿಸಿ ನೋಡಿದೆ. "ಇದೆ ದೊಡ್ಡಮ್ಮ."

"ತೆಗೆಯಾಕ್ ಬತ್ತದಾ ಕೇಳು."

ಆ ಮನೆಯವರಿಗೆ ಫೋನು ಮಾಡಿ ಕೇಳಿದೆ. ತೆಗೆದಿಡುತ್ತಾರಂತೆ.