ಬದಲಿ ಪಾಳಿಯ ಮ್ಯಾನೇಜರ್

ಧೈರ್ಯವಂತರೇ, ಒಂದು ಪ್ರಶ್ನೆ ಕೇಳಲೇ? ಊರೆಲ್ಲ ಹೊಗಳುವ ಆಟಗಾರನೊಬ್ಬ ನಿಮ್ಮ ಗಂಡನೇ ಎಂದಿಟ್ಟುಕೊಳ್ಳಿ. ಅವನ ತಾಟಿಗೆ ರೊಟ್ಟಿ ಹಾಕುತ್ತ, ‘ನಿಮ್ಮ ಕಾಲು ಇನ್ನು ಸಾಗುವುದಿಲ್ಲ, ಮೈದಾನ ಬಿಡಿ’ ಎಂದು ಹೇಳಬಲ್ಲಿರಾ? ಹೇಳಬಲ್ಲೆ ಎನ್ನುವವರು ಕೈ ಎತ್ತಿ. ನಾನು ಇಲ್ಲಿಂದಲೇ ನೋಡುತ್ತೇನೆ.

ಈ ಸಂಗತಿ ನೆನಪಾದದ್ದು ಮೊಮ್ಮಗಳಿಂದ. ಅವಳು ಫೋನಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದಳು. ಆಡುವವರಿಗಿಂತ ಹೆಚ್ಚಾಗಿ ಗೆರೆಯ ಆಚೆ ನಿಂತಿದ್ದ ಒಬ್ಬ ಮನುಷ್ಯ ನನ್ನ ಕಣ್ಣಿಗೆ ಬಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಕೋಟು, ಆದರೆ ನಿಂತಲ್ಲಿ ನಿಲ್ಲಲಾರ. ಹಿಂದೆ ಮುಂದೆ ತಿರುಗುತ್ತಾನೆ, ಕೈ ಬೀಸುತ್ತಾನೆ, ತಲೆ ಹಿಡಿದುಕೊಳ್ಳುತ್ತಾನೆ.

“ಇವ ಯಾರವ್ವ? ಇರಿವಿ ಕಚ್ಚಿದಂಗ ಮಾಡ್ಲಿಕತ್ತಾನ!”

“ಸ್ಪೇನ್ ದೇಶದವ, ಆಯಿ. ಮದ್ಲು ಮೈದಾನದ ನಡಕ ಆಡ್ತಿದ್ದ. ಈಗ ಟೀಮಿನ ಮ್ಯಾನೇಜರ್.”

ನನಗೆ ನಗು ತಡೆಯಲಾಗಲಿಲ್ಲ. ಅಂಥವರೊಬ್ಬರ ಜೊತೆಯಲ್ಲೇ ನಾನು ಸಂಸಾರ ಮಾಡಿದ್ದು. ಒಂದೇ ಬೆರಳಿನಿಂದ ಫೋನಿನಲ್ಲಿ ಬರೆಯುವುದನ್ನು ಈಗಷ್ಟೇ ಕಲಿತಿದ್ದೇನೆ. ಇದನ್ನೇ ಬರೆಯೋಣ ಎನಿಸಿತು.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂಬ ಹೆಸರು ಬಂದ ಹೊಸತು. ನಾವು ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸ್‌ನಲ್ಲಿದ್ದೆವು. ನಮ್ಮನೆಯವರಿಗೆ ಪ್ಯಾಕಿಂಗ್ ಖಾತೆಯಲ್ಲಿ ಚೀಲ ತುಂಬುವ ಕೆಲಸ. ಆಟಕ್ಕಿಳಿದರೆ ಫ್ಯಾಕ್ಟರಿ ಟೀಮಿನ ಸೆಂಟರ್ ಹಾಫ್. ಅಂದರೆ ಮೈದಾನದ ನಡುವೆ ನಿಂತು, ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಹಂಚುವವರು. ಮನೆಯಲ್ಲೂ ಅದೇ ಚಾಳಿ. ಉಳ್ಳಾಗಡ್ಡಿ ಉರುಳಿದರೆ ಬಗ್ಗಿ ಎತ್ತುತ್ತಿರಲಿಲ್ಲ, ಕಾಲಿನಿಂದ ಮೆಲ್ಲಗೆ ತಳ್ಳಿ ನನ್ನ ಈಳಿಗೆಯ ಬುಡಕ್ಕೇ ಮುಟ್ಟಿಸುತ್ತಿದ್ದರು. ನಿದ್ದೆಯಲ್ಲೂ ಒದೆಯುವುದು ತಪ್ಪುತ್ತಿರಲಿಲ್ಲ. ಕೂಸನ್ನು ಗೋಡೆಯ ಕಡೆ ಮಲಗಿಸಿ, ನಡುವೆ ದಿಂಬಿಟ್ಟು ನಾನು ಮಲಗುತ್ತಿದ್ದೆ.

ಹಳೆಯ ಕ್ಯಾಪ್ಟನ್ ಕೆಲಸದಿಂದ ನಿವೃತ್ತರಾದ ಮೇಲೆ ಟೀಮಿನ ಭಾರವೂ ಇವರ ಮೇಲೆ ಬಿತ್ತು. ಎಲ್ಲರೂ ‘ಮ್ಯಾನೇಜರ್ ಸಾಬ್’ ಎಂದು ಕರೆಯತೊಡಗಿದರು. ಕೋಟು ಹಾಕಿಕೊಂಡು ನಿಲ್ಲುವ ಕೆಲಸವಲ್ಲ ಅದು. ಫ್ಯಾಕ್ಟರಿ ಭಾನುವಾರವೂ ನಿಲ್ಲುತ್ತಿರಲಿಲ್ಲ. ಆಡುವವನಿಗೆ ಮಧ್ಯಾಹ್ನದ ಪಾಳಿ ಬಂದರೆ, ಅವನ ಜಾಗದಲ್ಲಿ ಅದೇ ಖಾತೆಯ ಇನ್ನೊಬ್ಬ ಕೆಲಸಕ್ಕೆ ಹೋಗಬೇಕು. ಅದಕ್ಕೆ ಬದಲಿ ಎನ್ನುತ್ತಿದ್ದರು. ಬದಲಿ ಹುಡುಕುವುದೇ ಮ್ಯಾನೇಜರನ ಕೆಲಸ. ಒಬ್ಬನಿಗೆ ಬೀಡಿ, ಇನ್ನೊಬ್ಬನಿಗೆ ಚಹಾ, ಮತ್ತೊಬ್ಬನ ಮನೆಗೆ ನಾನು ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ಆ ಸಲ ಶಹಾಬಾದಿನವರು ನಮ್ಮ ಮೈದಾನಕ್ಕೆ ಬರುವವರಿದ್ದರು. ಹಿಂದಿನ ಸಲ ಅವರ ಊರಿಗೆ ಹೋಗಿ ನಮ್ಮವರು ಸೋತಿದ್ದರು. ಯಾಕೆ ಸೋತರೆಂಬುದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ. ಇವರ ಮೊಣಕಾಲು. ಆಟ ಮುಗಿಸಿ ಬಂದರೆ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲು ದಾಟುತ್ತಿದ್ದರು. ನಾನು ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟರೆ, “ಜರಾ ಬಿಗದದ, ಅಷ್ಟೇ,” ಎನ್ನುತ್ತಿದ್ದರು.

ಅದೇ ಪ್ಯಾಕಿಂಗ್ ಖಾತೆಗೆ ಚಿತ್ತಾಪುರದ ತರುಣನೊಬ್ಬ ಹೊಸದಾಗಿ ಸೇರಿದ್ದ. ಅವನೂ ಸೆಂಟರ್ ಹಾಫ್. ಅಭ್ಯಾಸದಲ್ಲಿ ಇವರ ಕಾಲಿನಿಂದ ಚೆಂಡು ಕಸಿದುಕೊಂಡು, “ತಪ್ಪಾಯ್ತ್ರಿ ಅಣ್ಣಾ,” ಎನ್ನುವಷ್ಟು ಮರ್ಯಾದಸ್ಥ. ಆಟದ ಭಾನುವಾರ ಅವನಿಗೆ ಮಧ್ಯಾಹ್ನದ ಪಾಳಿ ಬಿದ್ದಿತ್ತು.

ಶನಿವಾರ ಪಕ್ಕದ ಮನೆಯ ಗೋಲ್‌ಕೀಪರ್ ನಮ್ಮ ಬಾಗಿಲಿಗೆ ಬಂದು ನಿಂತ.

“ಭಾಬಿ, ಭಯ್ಯಾ ಇಲ್ಲಲ್ರಿ?”

“ಇಲ್ಲ. ಬರ್ರಿ, ಕುಂದ್ರಿ.”

“ಕುಂದರೂದಿಲ್ರಿ. ಆ ಚಿತ್ತಾಪುರದ ಹುಡುಗಗ ಬದಲಿ ಸಿಗವಲ್ದು ಅಂತಾರ ಭಯ್ಯಾ.”

“ಸಿಗಲಿಲ್ಲಂದ್ರ ಯಾರೇನ್ ಮಾಡ್ಬೇಕು?”

“ಭಾಬಿ, ನಾಳಿ ಮಧ್ಯಾಹ್ನ ಪ್ಯಾಕಿಂಗ್‌ನಾಗ ಖಾಲಿ ಇರೋ ಮನಷ್ಯಾ ಒಬ್ಬರೇ.” ಯಾರೆಂದು ಹೇಳಲಿಲ್ಲ. ಒಳಗೆ ಮೊಳೆಗೆ ತೂಗುಹಾಕಿದ್ದ ಇವರ ಬೂಟಿನ ಕಡೆ ನೋಡಿದ. “ನೀವೇ ಹೇಳ್ರಿ. ನಾವು ಹೇಳಿದ್ರ ಟೀಮ್ ಒಡೀತದ.”

“ನಾ ಹೇಳಿದ್ರ ಮನಿ ಒಡೀತದಲ್ಲ!”

“ಮನಿಗಿ ರಿಪೇರಿ ಅದರಿ, ಟೀಮಿಗಿಲ್ಲ,” ಎಂದು ಹೊರಟೇಬಿಟ್ಟ.

ಸಂಜೆಯ ತನಕ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಬ್ಯಾಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತು ಇನ್ನೊಮ್ಮೆ ಹಾಕಿದೆ. ಹೇಳಿದರೆ ಇವರ ಮುಖ ನೋಡಬೇಕು. ಹೇಳದಿದ್ದರೆ ನಾಳೆ ಇವರು ಕುಂಟುವಾಗ ಶಹಾಬಾದಿನವರು ನಗುವುದನ್ನು ನೋಡಬೇಕು.

ರಾತ್ರಿ ಇವರು ಊಟಕ್ಕೆ ಕೂತರು.

“ಆ ಹುಡುಗಗ ಬದಲಿ ಸಿಕ್ತೇನ್ರಿ?”

“ಎಲ್ಲಿ ಸಿಗ್ತದ? ಎಲ್ಲಾರ್ನೂ ಕೇಳ್ದೆ.”

“ಎಲ್ಲಾರ್ನೂ?”

“ಹೂಂ, ಎಲ್ಲಾರ್ನೂ.”

“ನಮ್ಮನ್ಯಾಗ ಒಬ್ರು ಅದಾರಲ್ಲ, ಅವರ್ನ ಕೇಳ್ದಿರೇನು?”

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. “ಬ್ಯಾಳಿಗಿ ಉಪ್ಪು ಹೆಚ್ಚಾಗ್ಯದ,” ಎಂದು ಎದ್ದು, ಕೈ ತೊಳೆದು, ಸ್ಟೇಷನ್ ಕಡೆ ನಡೆದರು. ತಲೆ ಕೆಟ್ಟರೆ ವಾಡಿಯ ಗಂಡಸರು ಹೋಗುವುದು ಪ್ಲಾಟ್‌ಫಾರ್ಮಿಗೇ. ಎಲ್ಲ ಕಡೆಯ ಗಾಡಿಗಳನ್ನೂ ನೋಡುವುದು, ಯಾವುದನ್ನೂ ಹತ್ತದೆ ಬರುವುದು. ತಿರುಗಿ ಬಂದವರು ಹಾಗೇ ಮಲಗಿದರು. ಆ ರಾತ್ರಿ ದಿಂಬಿಗೆ ಒಂದು ಒದೆಯೂ ಬೀಳಲಿಲ್ಲ. ನಿದ್ದೆಯೇ ಬಂದಿಲ್ಲ ಎಂದು ನನಗೆ ಅದರಿಂದಲೇ ತಿಳಿಯಿತು.

ಮರುದಿನ ಭಾನುವಾರ. ಮಧ್ಯಾಹ್ನ ಫ್ಯಾಕ್ಟರಿಯ ಭೋಂಗಾ ಕೂಗುವ ಹೊತ್ತಿಗೆ ಇವರು ಎದ್ದು ಖಾಕಿ ಅಂಗಿ ತೊಟ್ಟರು. ಮೊಳೆಯಿಂದ ಬೂಟು ಇಳಿಸಿ ನನ್ನ ಕೈಗಿಟ್ಟರು.

“ಅವಗ ಸಡ್ಲಾಗ್ತಾವ. ಮುಂದ ಅರಿವಿ ತುರಕು ಅಂತ ಹೇಳು. ನೀ ಗೋಡಿ ಹತ್ರ ನಿಂತು ನೋಡು. ಅರ್ಧಾ ಆಟ ಆದ ಮ್ಯಾಲ ಗೇಟಿಗಿ ಬಂದು ಹೇಳು.”

ಕ್ವಾರ್ಟರ್ಸ್ ಹೆಂಗಸರು ಮೈದಾನಕ್ಕೆ ಹೋಗುತ್ತಿರಲಿಲ್ಲ. ನಳದ ಹತ್ತಿರ ಒಂದು ಮೋಟು ಗೋಡೆಯಿತ್ತು. ನೀರು ಹಿಡಿಯುವ ನೆಪದಲ್ಲಿ ಕೊಡ ಇಟ್ಟು ಅಲ್ಲಿಂದ ನೋಡುತ್ತಿದ್ದೆವು. ಆ ಗೋಡೆಯ ಮೇಲಿಂದಲೇ ಬೂಟನ್ನೂ ತುರುಕಲು ಬಟ್ಟೆಯ ಚೂರನ್ನೂ ಗೋಲ್‌ಕೀಪರನಿಗೆ ದಾಟಿಸಿದೆ. ಅವನು ಬೂಟು ನೋಡಿದ, ನನ್ನನ್ನು ನೋಡಿದ, ಹುಡುಗನ ಕಡೆ ಓಡಿದ.

ಆಟ ಶುರುವಾಯಿತು. ಹುಡುಗ ಚೆಂಡು ಸಿಕ್ಕಿದ್ದೇ ತಡ ಮುಂದಕ್ಕೆ ಓಡುತ್ತಿದ್ದ, ಅವನು ಬಿಟ್ಟ ಜಾಗ ಖಾಲಿ ಬೀಳುತ್ತಿತ್ತು. ಆ ಖಾಲಿ ಜಾಗದಿಂದಲೇ ಶಹಾಬಾದಿನವರು ನುಗ್ಗಿ ಗೋಲು ಹಾಕಿದರು. ಅವರ ಸಂಗಡ ರೈಲಿನಲ್ಲಿ ಬಂದವರು ಹಾಕಿದ ಕೇಕೆಗೆ ನನ್ನ ಕೊಡದ ನೀರೂ ಅಲುಗಿದಂತಾಯಿತು. ಈ ಕೂಗು ಫ್ಯಾಕ್ಟರಿಯೊಳಗೆ ಕೇಳಿಸಿರುತ್ತದೆ, ಯಾರದೆಂದು ತಿಳಿದಿರುವುದಿಲ್ಲ ಎಂದುಕೊಂಡೆ.

ಅರ್ಧ ಆಟ ಮುಗಿದಾಗ ಚಹಾದ ಕಿಟ್ಲಿ ಹಿಡಿದು ಗೇಟಿಗೆ ಓಡಿದೆ. ಗೇಟು ಕಾಯುವವನು ನನ್ನ ಕಂಡದ್ದೇ, “ಬರ್ರಿ ವೈನಿ, ನಿಮ್ಮವರು ಆಗಿಂದ ಒಳಗ ಹೊರಗ ಮಾಡ್ಲಿಕತ್ತಾರ. ನನಗೇ ತಲಿ ತಿರುಗ್ಲಿಕತ್ತದ,” ಎಂದ.

ಇವರ ರೆಪ್ಪೆಯ ಮೇಲೂ ಸಿಮೆಂಟು ಕೂತಿತ್ತು.

“ಕೂಗು ಯಾರ್ದು?”

“ಅವರ್ದು.”

“ಹುಡುಗ ಮುಂದ ಓಡ್ಲಿಕತ್ತಾನ, ಹೌದಿಲ್ಲೋ?”

“ಹೌದ್ರಿ.”

“ಹೊಸದಾಗಿ ನಾನೂ ಹಂಗೇ ಓಡ್ತಿದ್ದೆ.” ಚಹಾ ಮುಟ್ಟಲಿಲ್ಲ. “ಓಡಬ್ಯಾಡ ಅಂತ ಹೇಳು. ನಡಕ ನಿಂತು ಚೆಂಡು ಹಂಚು ಅನ್ನು. ತಾನಾ ಗೋಲ್ ಹೊಡೀಬೇಕಂತ ಏನಿಲ್ಲ. ಹೋಗು, ಓಡು ನೀ!”

ಓಡಬೇಡ ಎಂಬ ಮಾತನ್ನು ಹೊತ್ತುಕೊಂಡು, ಸೀರೆ ಎತ್ತಿ ಸಿಕ್ಕಿಸಿ, ನಾನು ಓಡಿದೆ. ಗೋಡೆಯ ಬಳಿ ಹುಡುಗನನ್ನೇ ಕರೆದು ಹೇಳಿದೆ. ಅವನು ಕಿವಿ ತನಕ ಕೆಂಪಾಗಿ, “ಅಣ್ಣಾ ನೋಡ್ಲಾರದೇ ಹೆಂಗ ಗೊತ್ತಾಯ್ತು ಅಕ್ಕಾ?” ಎಂದ.

ಆಮೇಲೆ ಅವನು ನಡು ಬಿಟ್ಟು ಕದಲಲಿಲ್ಲ. ಕಾಲು ತುರಿಸುತ್ತಿತ್ತು ಪಾಪ, ಕಾಣುತ್ತಿತ್ತು. ಕೊನೆಗೆ ಅವನು ಎಡಗಡೆಗೆ ತಳ್ಳಿದ ಚೆಂಡನ್ನು ನಮ್ಮವನೊಬ್ಬ ಒಳಗೆ ಹೊಡೆದ. ಸಮ ಸಮ. ಸೀಟಿ ಊದುತ್ತಲೇ ಶಹಾಬಾದಿನವರು ಗಾಡಿ ತಪ್ಪುತ್ತದೆಂದು ಸ್ಟೇಷನ್ನಿಗೆ ಓಡಿದರು, ನಾನು ಗೇಟಿಗೆ.

ಮುಖ ಸಪ್ಪಗೆ ಮಾಡಿಕೊಂಡೇ ಹೋದೆ. ಇವರು ಗೇಟಿನ ಸರಳು ಹಿಡಿದು ನಿಂತಿದ್ದರು.

“ಏನಾಯ್ತು?”

“ಅವರ್ದು ಒಂದು…” ಎಂದು ಸೆರಗಿನಿಂದ ಬೆವರು ಒರೆಸಿಕೊಂಡೆ.

“ಏ, ಜಲ್ದಿ ಹೇಳು!”

“ನಮ್ದೂ ಒಂದು. ಹುಡುಗ ಕೊಟ್ಟ ಚೆಂಡು.”

ಸರಳು ಬಿಟ್ಟರು. ಆಚೆ ತಿರುಗಿ ಸ್ವಲ್ಪ ಹೊತ್ತು ಮುಖ ಒರೆಸಿಕೊಂಡರು. ಸುಮ್ಮನಿರಲು ನನ್ನಿಂದಾಗಲಿಲ್ಲ.

“ಒಳಗ ಇದ್ದವರು ನೀವು, ಓಡ್ಯಾಡಿದಾಕಿ ನಾ. ಇವತ್ತ ಮ್ಯಾನೇಜರ್ ಯಾರು, ಹೇಳ್ರಿ ನೋಡೋಣ?”

“ನೀನೇ ಆಗವ್ವ ಮ್ಯಾನೇಜರ್,” ಎಂದರು. “ಹಂಗಾದ್ರ ಮುಂದಿನ ಆಟಕ್ಕ ಬದಲಿ ಪಾಳಿನೂ ನಿಂದೇ. ನೀ ಒಳಗ ಬಂದು ಚೀಲ ತುಂಬು, ನಾ ಗೋಡಿ ಹತ್ರ ನಿಂತು ಆಟ ನೋಡ್ತೀನಿ.”